ಪ್ರತಿಕ್ರಿಯೆ: ಮೂರಕ್ಷರದ ಆ ಪದ ‘ಯಾಕ್’

ಹಿಮಾಲಯದ ಪ್ರಾಣಿ, ಕಾಡುಹರಟೆ ಎರಡಕ್ಕೂ ಸಲ್ಲುವ ಮೂರಕ್ಷರದ ಇಂಗ್ಲಿಷ್ ಪದ ಯಾವುದು, ಎರಡಕ್ಕೂ ನಂಟಿದೆಯಾ ಎಂದು ಕೇಳಿದ್ದೀರಿ. ಉತ್ತರ ‘ಯಾಕ್’. ವೈ, ಎ, ಕೆ. ನಂಟು ಮಾತ್ರ ಇಲ್ಲ.

ಪ್ರಾಣಿಯ ಹೆಸರು ಟಿಬೆಟನ್ ಭಾಷೆಯಿಂದ ಬಂದದ್ದು. ಅಲ್ಲಿ ಅದು ಗಂಡಿಗೆ ಮಾತ್ರ, ಹೆಣ್ಣನ್ನು ‘ದ್ರಿ’ ಎನ್ನುತ್ತಾರೆ. ಹಾಗಾಗಿ ‘ಯಾಕ್ ಹಾಲು’ ಎಂದರೆ ಟಿಬೆಟಿನವರಿಗೆ ನಗು ಬರುತ್ತದೆ! ಹರಟೆಯ ‘ಯಾಕ್’ ಅಮೆರಿಕದ ಆಡುಮಾತು, 1950ರ ಆಸುಪಾಸಿನದು. ಬಿಡದೆ ಮಾತಾಡುವ ಸದ್ದನ್ನು ಅನುಕರಿಸಿ ಹುಟ್ಟಿದ್ದು, ನಮ್ಮ ‘ವಟವಟ’ ಇದ್ದ ಹಾಗೆ.

ಪಾಪ, ಆ ಪ್ರಾಣಿ ಹಸುವಿನಂತೆ ಅಂಬಾ ಎನ್ನುವುದೂ ಇಲ್ಲ, ಸುಮ್ನೆ ಗುರುಗುಟ್ಟುತ್ತದೆ. ಅದಕ್ಕೇ ಜೀವಿಗಳಿಗೆ ವೈಜ್ಞಾನಿಕ ಹೆಸರಿಡುತ್ತಿದ್ದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1766ರಲ್ಲಿ ‘ಬಾಸ್ ಗ್ರುನಿಯೆನ್ಸ್’ ಎಂದು ಹೆಸರಿಟ್ಟ. ಅಂದರೆ ಗುರುಗುಟ್ಟುವ ಎತ್ತು.

ಯಾಕ್ ನಮಗೂ ಹೊಸದಲ್ಲ. ಕನ್ನಡದಲ್ಲಿ ಅದು ಚಮರೀಮೃಗ. ದೇವರಿಗೆ ಬೀಸುವ ಚಾಮರ ಮೂಲದಲ್ಲಿ ಅದರ ಬಾಲದ ಕೂದಲಿನದು. ಅಷ್ಟು ದೂರದ ಬೆಟ್ಟಗಳಿಂದ ನಮ್ಮ ಗುಡಿಗಳವರೆಗೆ ಅದು ಬಂದಿದೆ ಅನ್ನುವುದೇ ನನಗೆ ಬಹಳ ಇಷ್ಟವಾದ ವಿಷಯ. ಇನ್ನೂ ತಿಳಿಯುವ ಆಸೆಯಿದ್ದರೆ ಅರುಣಾಚಲದ ದಿರಾಂಗ್‌ನಲ್ಲಿ ಯಾಕ್‌ಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ.