ಗಾಜಿನ ಬಚ್ಚಲು ಮತ್ತು ನಿಮ್ಮ ಅತ್ತೆಯವರು

ಹಾಸನದ ಓದುಗ ಸೋದರಿಗೆ ನಮಸ್ಕಾರ.

ಪುದುಚೇರಿಯಲ್ಲಿ ಹಳೆ ಮನೆಗಳನ್ನೇ ಹೋಟೆಲ್ ಮಾಡಿದ, ಕೆಲವೇ ಕೋಣೆಗಳ ಸೊಗಸಿನ ಬುಟೀಕ್ ಹೋಟೆಲುಗಳ ಬಗ್ಗೆ ನಾವು ಬರೆದದ್ದನ್ನು ಓದಿ, ಅತ್ತೆಯವರನ್ನು ಕರೆದುಕೊಂಡು ಅಂಥದೊಂದರಲ್ಲಿ ಎರಡು ರಾತ್ರಿ ಉಳಿದು ಬಂದಿದ್ದೀರಿ. ಬಚ್ಚಲಿಗೆ ಗೋಡೆಯ ಬದಲು ಗಾಜು. ಬಕೆಟ್ ಇಲ್ಲ. ರಾತ್ರಿ ದೀಪ ಆರಿಸಲು ಸ್ವಿಚ್ ಸಿಗದೆ ಅತ್ತೆಯವರು ಮುಖಕ್ಕೆ ಸೆರಗು ಹೊದ್ದು ಮಲಗಿದರು. ಬಿಲ್ಲಿನಲ್ಲಿ ಊಟದ ಲೆಕ್ಕಕ್ಕೆ ಸರ್ವಿಸ್ ಚಾರ್ಜ್ ಬೇರೆ. “ನಿಮ್ಮ ಲೇಖಕರು ಅಂಥ ಬಚ್ಚಲಲ್ಲಿ ಒಮ್ಮೆಯಾದರೂ ಸ್ನಾನ ಮಾಡಿದ್ದಾರಾ?” ಎಂದು ಕೇಳಿದ್ದೀರಿ.

ಇಲ್ಲ. ಆ ಲೇಖನ ಬರೆದವನು ನಾನೇ. ಹಗಲು ಹೊತ್ತಿನಲ್ಲಿ ಒಬ್ಬನೇ ಹೋಗಿ, ಕೋಣೆ ನೋಡಿ, ಫೋಟೊ ತೆಗೆದು, ಕಾಫಿ ಕುಡಿದು ಬಂದಿದ್ದೆ. ಹಳದಿ ಗೋಡೆ, ಎತ್ತರದ ಬಾಗಿಲು, ಅಂಗಳದ ಬಿಸಿಲು. ನನಗೆ ಕಂಡಿದ್ದು ಅಷ್ಟೇ.

ಗಾಜಿಗೆ ಕಾರಣವೇನೋ ಇದೆ. ಆ ಮನೆಗಳನ್ನು ಕಟ್ಟುವಾಗ ಕೋಣೆಗೊಂದು ಬಚ್ಚಲು ಎಂಬ ಲೆಕ್ಕವೇ ಇರಲಿಲ್ಲ. ನಮ್ಮ ತೊಟ್ಟಿ ಮನೆಗಳಲ್ಲೂ ಬಚ್ಚಲು ಹಿತ್ತಲ ಕಡೆಗೇ ಅಲ್ವಾ? ಈಗ ಕೋಣೆಯ ಮೂಲೆಯನ್ನೇ ಬಚ್ಚಲು ಮಾಡಬೇಕು. ಇಟ್ಟಿಗೆ ಗೋಡೆ ಎಬ್ಬಿಸಿದರೆ ಒಳಗೆ ಕತ್ತಲು, ಹೊರಗೆ ಇಕ್ಕಟ್ಟು. ಗಾಜು ಹಾಕಿದರೆ ಬೆಳಕು ಬರುತ್ತದೆ, ಫೋಟೊದಲ್ಲಿ ಕೋಣೆಯೂ ದೊಡ್ಡದಾಗಿ ಕಾಣುತ್ತದೆ. ಸರಿ, ಅದಕ್ಕೊಂದು ಪರದೆ ಹಾಕಲು ಏನು ಕಷ್ಟ? ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ಹೋಟೆಲಿಗೆ ಬುಟೀಕ್ ಎಂಬ ಹೆಸರು ಅಂಟಿದ್ದು 1984ರಲ್ಲಿ ನ್ಯೂಯಾರ್ಕಿನಲ್ಲಿ ಮಾರ್ಗನ್ಸ್ ಹೋಟೆಲ್ ಶುರುವಾದ ಕಾಲದಲ್ಲಿ. ದೊಡ್ಡ ಹೋಟೆಲುಗಳು ಡಿಪಾರ್ಟ್‌ಮೆಂಟ್ ಸ್ಟೋರ್ ಇದ್ದ ಹಾಗೆ, ನಮ್ಮದು ಬುಟೀಕ್, ಅಂದರೆ ಚಿಕ್ಕ ಅಂಗಡಿ ಎಂದು ಅದರ ಪಾಲುದಾರ ಸ್ಟೀವ್ ರುಬೆಲ್ ಹೋಲಿಸಿದ್ದರು. ಚಿಕ್ಕ ಅಂಗಡಿ ಎಂದಮೇಲೆ ಗಿರಾಕಿಯ ಮುಖ ನೋಡಿ ಮಾತಾಡಬೇಕು. ನೀವು ಉಳಿದಿದ್ದು ಒಂಬತ್ತೇ ಕೋಣೆಯ ಹೋಟೆಲು. ಮಂಡಿನೋವಿನ ಹಿರಿಯರು ಬಂದಿದ್ದಾರೆ, ಇವರಿಗೆ ಏನು ಬೇಕಾಗಬಹುದು ಎಂದು ಕೌಂಟರಿನಲ್ಲಿ ಯಾರಿಗೂ ಅನಿಸಲಿಲ್ಲ. ಗಿಡಕ್ಕೆ ನೀರು ಹಾಕುವ ಬಕೆಟ್ಟನ್ನು ತೊಳೆದು, ಜೊತೆಗೊಂದು ಸ್ಟೂಲ್ ತಂದಿಟ್ಟ ರೂಂ ಬಾಯ್‌ಗೆ ಮಾತ್ರ ಅನಿಸಿತು. ಇಡೀ ಹೋಟೆಲಿನಲ್ಲಿ ಬುಟೀಕ್ ಅಂತ ಇದ್ದವನು ಅವನೊಬ್ಬನೇ!

“ಇದಕ್ಕಿಂತ ಬಸ್ ಸ್ಟ್ಯಾಂಡ್ ಲಾಡ್ಜೇ ಮೇಲು” ಎನ್ನುವ ನಿಮ್ಮ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಹೋಟೆಲ್ ಆಗಿದ್ದರಿಂದಲೇ ಅಲ್ಲಿ ಎಷ್ಟೋ ಹಳೆ ಮನೆಗಳು ಉಳಿದುಕೊಂಡಿವೆ.

ಇನ್ನು ಬಿಲ್ಲಿನ ವಿಷಯ. ಸರ್ವಿಸ್ ಚಾರ್ಜನ್ನು ಗಿರಾಕಿಯ ಒಪ್ಪಿಗೆ ಇಲ್ಲದೆ ಸುಮ್ನೆ ಬಿಲ್ಲಿಗೆ ಸೇರಿಸುವಂತಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೀಗೆ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಜಿಎಸ್‌ಟಿ ಬೇರೆ, ಅದನ್ನು ಕೊಡಲೇಬೇಕು. ಸರ್ವಿಸ್ ಚಾರ್ಜ್ ತೆಗೆಯಿರಿ ಎಂದು ಧೈರ್ಯವಾಗಿ ಹೇಳಿ. ತಕರಾರು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಮುಂದಿನ ಸಲ ಹೋಟೆಲಿನ ಬಗ್ಗೆ ಬರೆಯುವ ಮೊದಲು ಅಲ್ಲಿ ಒಂದು ರಾತ್ರಿ ಮಲಗುತ್ತೇನೆ. ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ.

ಹಾಂ, ದೀಪದ ವಿಷಯ ಮರೆತಿದ್ದೆ. ಮಂಚದ ಪಕ್ಕ ಎಲ್ಲ ದೀಪಕ್ಕೂ ಸೇರಿ ಒಂದೇ ಸ್ವಿಚ್ ಇರುವುದುಂಟು, ಮೊದಲು ಅದನ್ನು ಹುಡುಕಿ. ಸಿಗದಿದ್ದರೆ, ಬಾಗಿಲ ಬಳಿ ಕಾರ್ಡ್ ಸಿಕ್ಕಿಸಿದ್ದರೆ ಅದನ್ನು ತೆಗೆಯಿರಿ, ದೀಪ ಆರುತ್ತದೆ. ಸಾಮಾನ್ಯವಾಗಿ ಅದರ ಜೊತೆಗೆ ಎಸಿಯೂ ಆರುತ್ತದೆ. ಪುದುಚೇರಿಯ ಸೆಕೆಯಲ್ಲಿ ಅತ್ತೆಯವರ ಸೆರಗಿನ ಉಪಾಯವೇ ವಾಸಿ.

— ಸಂಪಾದಕ