ಹುಡುಗಿ ರಜೋಗುಣದಾಕಿ ಅಂದ್ರು, ಖರೇ ಏನ್ರಿ?

ಪ್ರಶ್ನೆ: ಸರ್, ಮೊನ್ನೆ ನನ್ನ ನೋಡಾಕ ಗಂಗಾವತಿಯಿಂದ ವರನ ಕಡೆಯವರು ಬಂದಿದ್ರು. ಒಗ್ಗರಣಿ ಮಿರ್ಚಿ ಕೊಟ್ವಿ, ಅವರ ಜೊತಿ ನಾನೂ ತಿಂದೆ, ಕೇಳಿದ್ದಕ್ಕೆಲ್ಲ ಪಟಪಟ ಉತ್ರ ಕೊಟ್ಟೆ. ಆಮ್ಯಾಲೆ ಅವರ ಹಿರಿಯರೊಬ್ರು ಫೋನ್ ಮಾಡಿ "ಹುಡುಗಿ ಖಾರ ಭಾಳ ತಿಂತಾಳ, ರಜೋಗುಣದಾಕಿ, ನಮ್ಮ ಹುಡುಗ ಸಾತ್ವಿಕ, ಹೊಂದಂಗಿಲ್ಲ" ಅಂದ್ರಂತ. ಊಟ ನೋಡಿ ಸ್ವಭಾವ ಹೇಳಾಕ ಬರ್ತದೇನ್ರಿ? ಹುಟ್ಟುಗುಣ ಬದಲಾಗಂಗಿಲ್ಲೇನು?
(ಓದುಗರೊಬ್ರು, ಸಿಂಧನೂರು)

ಉತ್ತರ: ಮಿರ್ಚಿ ಲೆಕ್ಕ ಹಿಡದ್ರ ನಮ್ಮ ರಾಯಚೂರು ಕೊಪ್ಪಳದಾಗ ಕನ್ಯಾನೂ ಸಿಗಂಗಿಲ್ಲ ವರಾನೂ ಸಿಗಂಗಿಲ್ಲ ಬಿಡ್ರಿ. ಹಿರಿಯರದು ಪೂರ್ತಿ ಸುಳ್ಳೂ ಅಲ್ಲ. ಗೀತಾದ 17ನೇ ಅಧ್ಯಾಯದಾಗ ವಿಪರೀತ ಖಾರ, ಹುಳಿ, ಉಪ್ಪು ರಾಜಸರಿಗೆ, ಅಂದ್ರ ರಜೋಗುಣದವರಿಗೆ, ಸೇರ್ತದ ಅಂತ ಐತಿ, ಆದ್ರ ಅದೇ ಅಧ್ಯಾಯದಾಗ ದಾನಾನೂ ಮೂರು ತರ ಮಾಡ್ಯಾರ, ತಿರುಗಿ ಏನಾರ ಸಿಗಲಿ ಅಂತ ಕೊಡೋದು ರಾಜಸ ದಾನ, ತಪಸ್ಸು ಯಜ್ಞ ಎಲ್ಲಾದಕ್ಕೂ ಹಂಗ ಹೇಳ್ಯಾರ, ಇವರು ಮಾತ್ರ ನಿಮ್ಮ ಪ್ಲೇಟ್ ಅಷ್ಟ ನೋಡಿ ಎದ್ದು ಹೋದ್ರು.

ಗುಣ ಅಂದ್ರ ಮೂರು: ಸತ್ವ ಹಗುರ, ಬೆಳಕು; ರಜಸ್ಸು ಓಡಾಟ; ತಮಸ್ಸು ಭಾರ. ಸಾಂಖ್ಯ ಅನ್ನೋ ಹಳೇ ದರ್ಶನದವರ ಪ್ರಕಾರ ಈ ಮೂರೂ ಎಲ್ಲಾರಾಗೂ ಇರ್ತಾವ, ದೀಪದಾಗ ಬತ್ತಿ ಎಣ್ಣಿ ಬೆಂಕಿ ಕೂಡಿದಂಗ. ಒಂದು ಮ್ಯಾಲೆ ಬಂದ್ರ ಉಳಿದ ಎರಡು ಕೆಳಗ ಹೋಗ್ತಾವ, ಇದು ಗೀತಾದ 14ನೇ ಅಧ್ಯಾಯದ 10ನೇ ಶ್ಲೋಕದಾಗ ಸ್ಪಷ್ಟ ಐತಿ. ನಿಮ್ಮ ಒಂದು ದಿನಾನ ತಗೊಳ್ರಿ, ಮುಂಜಾನೆ ತಿಳಿಲಾರದ್ದೊಂದು ತಟ್ಟನೆ ತಿಳಿದು ಮನಸ್ಸು ಹಗುರ ಆಗ್ತದ, ಹನ್ನೊಂದಕ್ಕ ಸುಮ್ಮನ ಕುಂದ್ರಾಕ ಆಗದ ಫೋನ್ ತಗಿಯೋದು ಇಡೋದು ತಗಿಯೋದು, ಮಧ್ಯಾಹ್ನ ಉಂಡು ಫ್ಯಾನ್ ಕೆಳಗ ಅಡ್ಡಾದ್ರ ಬಾಗಿಲಾ ಬಡದ್ರೂ ಏಳಾಕ ಮನಸ್ಸಿಲ್ಲ. ಇದರಾಗ ನೀವು ಯಾರು ಅಂತ ಅರ್ಧ ತಾಸಿನಾಗ ಹೆಂಗ ಹೇಳ್ತಾರ?

ಹುಟ್ಟುಗುಣದ ಮಾತು ಸ್ವಲ್ಪ ತೊಡಕಿಂದು. ಮಾನ್ವಿ ಜಗನ್ನಾಥದಾಸರ ಹರಿಕಥಾಮೃತಸಾರ ಓದೋ ಮನಿಯವರು ಮಾಧ್ವ ಮತದವರು, ಅವರ ಪ್ರಕಾರ ಜೀವದ ಮೂಲ ಸ್ವಭಾವಾನ ಮೂರು ತರ, ಅದು ಬದಲಾಗಂಗಿಲ್ಲ. ಸಾಂಖ್ಯರು, ಅದ್ವೈತಿಗಳು ಒಪ್ಪಂಗಿಲ್ಲ, ಗುಣ ಪ್ರಕೃತಿದು, ಅಂದ್ರ ದೇಹ ಮನಸ್ಸಿಂದು, ಆತ್ಮಕ್ಕ ಅಂಟಂಗಿಲ್ಲ ಅಂತಾರ. ನನಗ ಎರಡನೇದು ಹಿಡಸ್ತದ. ಗೀತಾದ 3ನೇ ಅಧ್ಯಾಯದಾಗೂ ಎಲ್ಲಾರೂ ತಮ್ಮ ಪ್ರಕೃತಿ ಹಂಗ ನಡಿತಾರ ಅಂತ ಹೇಳಿ ಮುಂದಿನ ಶ್ಲೋಕದಾಗ ರಾಗದ್ವೇಷದ ಕೈಗೆ ಸಿಗಬ್ಯಾಡ ಅಂತಾನ ಕೃಷ್ಣ, ಅಂದ್ರ ಒಂದೀಟು ಜಾಗ ನಮಗೂ ಬಿಟ್ಟಾನ.

ಇನ್ನ "ನಾವು ಸಾತ್ವಿಕರು" ಅನ್ನೋರಿಗೆ ಒಂದು ಮಾತು, ಸತ್ವಾನೂ ಕಟ್ಟಿಹಾಕ್ತದ, ಸುಖದ ಮತ್ತು ತಿಳುವಳಿಕಿ ಮೋಹದಿಂದ, 14ನೇ ಅಧ್ಯಾಯದ 6ನೇ ಶ್ಲೋಕ. ಅದಿರ್ಲಿ, ಹುಡುಗ ಏನಂದ ಅಂತ ನೀವು ಬರದೇ ಇಲ್ಲಲ್ರೀ ತಂಗಿ, ಫೋನ್ ಮಾಡಿದ್ದು ಹಿರಿಯರು. ಮೊದಲ ಅವನ್ನ ಕೇಳ್ರಿ.