18 ಜಿಬಿ ವಿಡಿಯೋವನ್ನು ಊರಿಂದ ದುಬೈಗೆ ಕಳಿಸುವುದು ಹೇಗೆ?

ಪೆರ್ಲದ ನಿಮ್ಮ ಮನೆಯಲ್ಲಿ ಆದ ಹರಕೆಯಾಟದ (ಹರಕೆಗಾಗಿ ಆಡಿಸಿದ ಯಕ್ಷಗಾನದ) ವಿಡಿಯೋ 18 ಜಿಬಿ ಇದೆ, ದುಬೈಯಲ್ಲಿರುವ ಅಣ್ಣ ಅದನ್ನು ಎಡಿಟ್ ಮಾಡುತ್ತಾರೆ, ಕ್ವಾಲಿಟಿ ಇಳಿಯಬಾರದು, ಆದಷ್ಟು ಖರ್ಚಿಲ್ಲದೆ ಆಗಬೇಕು ಅಂತ ಕೇಳಿದ್ದೀರಿ. ಕುಂಬಳೆ ಸುತ್ತಮುತ್ತ ಆಟ, ಮದುವೆ, ದೇವಸ್ಥಾನದ ಬ್ರಹ್ಮಕಲಶದ ವಿಡಿಯೋ ಮಾಡುವುದು ನನ್ನ ಕೆಲಸ. ಇಲ್ಲಿ ಮನೆಗೊಬ್ಬರು ಗಲ್ಫ್‌ನಲ್ಲೋ ಮುಂಬೈಯಲ್ಲೋ ಇರುತ್ತಾರೆ. ಹಾಗಾಗಿ ದೊಡ್ಡ ಫೈಲ್ ಕಳಿಸುವುದು ನನಗೆ ವಾರವಾರದ ಕೆಲಸ.

ನೇರವಾಗಿ ಹೇಳುತ್ತೇನೆ. ನಿಮಗೆ ಸ್ವಿಸ್‌ಟ್ರಾನ್ಸ್‌ಫರ್ ಸಾಕು. ಫೈಲ್ ಹಾಕಿದರೆ ಇಳಿಸಿಕೊಳ್ಳಲು ಲಿಂಕ್ ಕೊಡುವ ವೆಬ್‌ಸೈಟ್ ಅದು, ಸ್ವಿಟ್ಜರ್ಲೆಂಡ್‌ನ ಇನ್ಫೊಮೇನಿಯಾಕ್ ಕಂಪನಿಯದ್ದು. ಒಂದು ಸಲಕ್ಕೆ 50 ಜಿಬಿ ತನಕ ಉಚಿತ, ಅಕೌಂಟ್ ಮಾಡಿಕೊಳ್ಳಬೇಕಾಗಿಲ್ಲ, ಲಿಂಕ್ 30 ದಿನ ಉಳಿಯುವಂತೆ ಇಡಬಹುದು. ಪಾಸ್‌ವರ್ಡ್ ಹಾಕುವ ಅವಕಾಶವೂ ಇದೆ. ಹಾಕಿ. ಲಿಂಕ್ ಮೆಸೇಜಿನಲ್ಲಿ ಹೋಗಲಿ, ಪಾಸ್‌ವರ್ಡನ್ನು ಮಾತಾಡುವಾಗ ಬಾಯಲ್ಲೇ ಹೇಳಿ. ಮನೆಯವರ, ಮಕ್ಕಳ ಮುಖ ಇರುವ ವಿಡಿಯೋ ಅಲ್ವಾ, ಲಿಂಕ್ ಸಿಕ್ಕವರೆಲ್ಲ ತೆರೆಯುವಂತೆ ಬಿಡಬಾರದು.

ಎಲ್ಲರೂ ಮೊದಲು ಹೇಳುವ ಹೆಸರು ವಿಟ್ರಾನ್ಸ್‌ಫರ್. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಶುರುವಾದದ್ದು, ಬಳಸಲು ತುಂಬಾ ಸುಲಭ. ಆದರೆ 2024ರಲ್ಲಿ ಅದು ಬೇರೆ ಕಂಪನಿಯ ಕೈಗೆ ಹೋಯಿತು. ಅದೇ ವರ್ಷದ ಕೊನೆಗೆ ಉಚಿತ ಮಿತಿ 30 ದಿನಕ್ಕೆ ಒಟ್ಟು 3 ಜಿಬಿಗೆ ಬಂತು. ನಿಮ್ಮ 18 ಜಿಬಿಗೆ ಅದು ಆಗುವ ಮಾತಲ್ಲ.

ಗೂಗಲ್ ಡ್ರೈವ್‌ನಲ್ಲಿ ಉಚಿತ ಜಾಗ 15 ಜಿಬಿ. ಅದರಲ್ಲೇ ನಿಮ್ಮ ಮೇಲ್, ಫೋಟೋ ಎಲ್ಲ ಸೇರಿರುತ್ತದೆ. ತಿಂಗಳಿಗೆ ಸುಮಾರು 130 ರೂಪಾಯಿ ಕೊಟ್ಟರೆ 100 ಜಿಬಿ ಸಿಗುತ್ತದೆ. ವರ್ಷಕ್ಕೊಮ್ಮೆ ಕಳಿಸುವವರಿಗೆ ಅದು ಬೇಡ. ಆದರೆ ನಿಮ್ಮಲ್ಲಿ ನೆಟ್ ಪದೇ ಪದೇ ಕಡಿದು ಹೋಗುತ್ತದೆ ಅಂತಾದರೆ ಯೋಚಿಸಿ. ಕಂಪ್ಯೂಟರಿನಲ್ಲಿ ಹಾಕಿಕೊಳ್ಳುವ ಡ್ರೈವ್ ಆ್ಯಪ್, ಕರೆಂಟ್ ಹೋಗಿ ಬಂದ ಮೇಲೆ ತಾನಾಗಿ ಕೆಲಸ ಮುಂದುವರಿಸುತ್ತದೆ. ಬ್ರೌಸರಿನಲ್ಲಿ ಹಾಕುವ ಸೇವೆಗಳಲ್ಲಿ ಆ ಭರವಸೆ ಇಲ್ಲ. ಕಿಟಕಿ ಮುಚ್ಚಿದರೆ ಅಲ್ಲಿಗೇ ನಿಂತಿತು.

ವಾಟ್ಸಾಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕಡೆಯ ಎಷ್ಟೋ ಒಳ್ಳೆಯ ಆಟಗಳ ವಿಡಿಯೋ ಹಾಳಾಗುವುದು ಅಲ್ಲೇ. ಗ್ಯಾಲರಿಯಿಂದ ಆರಿಸಿ ಕಳಿಸಿದರೆ ಅದು ವಿಡಿಯೋವನ್ನು ಒತ್ತಿ ಸಣ್ಣದು ಮಾಡುತ್ತದೆ. ಎಚ್‌ಡಿ ಅಂತ ಆರಿಸಿದರೂ ಒತ್ತುತ್ತದೆ, ಸ್ವಲ್ಪ ಕಡಿಮೆ ಅಷ್ಟೆ. ನಮ್ಮ ತೆಂಕುತಿಟ್ಟು ಶೈಲಿಯ ಯಕ್ಷಗಾನದಲ್ಲಿ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮುಖದ ಮೇಲೆ ಅಕ್ಕಿಹಿಟ್ಟಿನಿಂದ ಮುಳ್ಳು ಮುಳ್ಳಾಗಿ ಇಡುವ ಚುಟ್ಟಿ ಇರುತ್ತದಲ್ಲ, ಕ್ಯಾಮೆರಾದ ಫೈಲಿನಲ್ಲಿ ಅದರ ಒಂದೊಂದು ಮುಳ್ಳೂ ಬೇರೆ ಬೇರೆ ಕಾಣುತ್ತದೆ. ಒತ್ತಿದ ಫೈಲಿನಲ್ಲಿ ಕೆನ್ನೆ ತುಂಬ ಬಿಳಿ ಬಳಿದ ಹಾಗೆ ಕಾಣುತ್ತದೆ. ವೇಷ ಗಿರಕಿ ಹೊಡೆಯುವಾಗಂತೂ ಮುಖವೇ ಚೌಕ ಚೌಕವಾಗಿ ಒಡೆಯುತ್ತದೆ. ಗಂಟೆಗಟ್ಟಲೆ ಕೂತು ಮುಖಕ್ಕೆ ಚುಟ್ಟಿ ಇಟ್ಟುಕೊಂಡ ಕಲಾವಿದನ ಶ್ರಮ ಒಂದು ತಪ್ಪು ಬಟನ್‌ನಿಂದ ಹೀಗಾಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಆಗ ಇದ್ದ ಹಾಗೇ ಹೋಗುತ್ತದೆ, ಒಂದು ಫೈಲ್ 2 ಜಿಬಿ ಮೀರಬಾರದು. ಟೆಲಿಗ್ರಾಮ್‌ನಲ್ಲೂ ಉಚಿತ ಮಿತಿ ಒಂದು ಫೈಲಿಗೆ 2 ಜಿಬಿಯೇ.

ಜಿಪ್ ಮಾಡಿದರೆ ಸಣ್ಣದಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಿಡಿಯೋ ಕ್ಯಾಮೆರಾದಲ್ಲೇ ಒಮ್ಮೆ ಒತ್ತಿ ಬಂದಿರುತ್ತದೆ, ಜಿಪ್‌ನಿಂದ ಮತ್ತೆ ಇಳಿಯುವುದು ಏನೇನೂ ಇಲ್ಲ.

ಇನ್ನು ನಿಜವಾದ ತೊಂದರೆ ಇರುವುದು ಸೇವೆಯಲ್ಲಿ ಅಲ್ಲ, ನಿಮ್ಮ ಮನೆಯ ಅಪ್‌ಲೋಡ್ ವೇಗದಲ್ಲಿ. ಕನೆಕ್ಷನ್ ಕೊಡುವವರು ಹೇಳುವ ವೇಗ ಮೆಗಾಬಿಟ್‌ನಲ್ಲಿ, ಫೈಲಿನ ಅಳತೆ ಬೈಟ್‌ನಲ್ಲಿ. ಒಂದು ಬೈಟ್ ಅಂದರೆ 8 ಬಿಟ್. ಅಪ್‌ಲೋಡ್ ಸೆಕೆಂಡಿಗೆ 10 ಮೆಗಾಬಿಟ್ ಇದ್ದರೆ 18 ಜಿಬಿಗೆ ಸುಮಾರು 4 ಗಂಟೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ 2 ಮಾತ್ರ ಬರುತ್ತಿದ್ದರೆ 20 ಗಂಟೆ. ಈಗ ಮಳೆಗಾಲ ಬೇರೆ, ಅಷ್ಟು ಹೊತ್ತು ಕರೆಂಟ್ ನಿಲ್ಲುವುದೇ ಕಷ್ಟ. ಆದ್ದರಿಂದ ಎಲ್ಲವನ್ನೂ ಒಂದೇ ಕಂತಿನಲ್ಲಿ ಹಾಕಬೇಡಿ. ಸುಮಾರು ಕ್ಯಾಮೆರಾಗಳು ಉದ್ದದ ರೆಕಾರ್ಡಿಂಗನ್ನು ತಾವೇ 4 ಜಿಬಿಯ ತುಂಡುಗಳಾಗಿ ಇಟ್ಟಿರುತ್ತವೆ. ಒಂದೊಂದು ತುಂಡಿಗೆ ಒಂದೊಂದು ಲಿಂಕ್ ಮಾಡಿ. ನಡುವೆ ಕಡಿದರೂ ಒಂದು ತುಂಡು ಮಾತ್ರ ಮತ್ತೆ ಹಾಕಬೇಕಾಗುತ್ತದೆ. ರಾತ್ರಿ ಊಟ ಆದ ಮೇಲೆ ಶುರು ಮಾಡಿ, ಲ್ಯಾಪ್‌ಟಾಪ್ ನಿದ್ದೆಗೆ ಹೋಗದ ಹಾಗೆ ಸೆಟ್ಟಿಂಗ್ ಬದಲಿಸಿ. ಫೈಲಿನ ಹೆಸರು ಬದಲಿಸಬೇಡಿ, ಎಡಿಟ್ ಮಾಡುವವರು ಆ ನಂಬರ್ ನೋಡಿಯೇ ಜೋಡಿಸುವುದು.

ದಯವಿಟ್ಟು ಒಂದು ವಿಷಯ ಮಾತ್ರ ಮರೆಯಬೇಡಿ. ಲಿಂಕ್ ಮಾಡಿದ ಕೂಡಲೇ ಕ್ಯಾಮೆರಾದ ಕಾರ್ಡ್ ಖಾಲಿ ಮಾಡಬೇಡಿ. ಈ ಸೇವೆಗಳು ದಾಟಿಸಲಿಕ್ಕೆ ಇರುವ ದೋಣಿ, ಇಟ್ಟುಕೊಳ್ಳಲಿಕ್ಕೆ ಇರುವ ಅಟ್ಟ ಅಲ್ಲ. ಫೈರ್‌ಫಾಕ್ಸ್ ಸೆಂಡ್ ಅಂತ ಇಂಥದ್ದೇ ಒಂದು ಸೇವೆ ಎಷ್ಟು ಚೆನ್ನಾಗಿತ್ತು. 2019ರಲ್ಲಿ ಎಲ್ಲರಿಗೂ ತೆರೆದರು, ಕೆಟ್ಟ ಸಾಫ್ಟ್‌ವೇರ್ ಹರಡಲು ಜನ ಬಳಸಿದರು ಅಂತ 2020ರಲ್ಲಿ ಮುಚ್ಚಿಯೇಬಿಟ್ಟರು. ಅದೇ 2020ರ ಮೇ ತಿಂಗಳಲ್ಲಿ ನಮ್ಮ ದೂರಸಂಪರ್ಕ ಇಲಾಖೆ ವಿಟ್ರಾನ್ಸ್‌ಫರ್ ತಡೆಯಲು ಹೇಳಿತ್ತು. ಇವತ್ತು ತೆರೆಯುವ ಲಿಂಕ್ ನಾಳೆ ತೆರೆಯುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ. ಅಣ್ಣ ಇಳಿಸಿಕೊಂಡು, ಪ್ರತಿ ಫೈಲಿನ ಪ್ರಾಪರ್ಟೀಸ್ ತೆರೆದು, ಎಷ್ಟು ಬೈಟ್ ಅಂತ ನಿಮಗೆ ಓದಿ ಹೇಳಲಿ. ನಿಮ್ಮಲ್ಲಿರುವ ಸಂಖ್ಯೆಗೆ ಸರಿಹೊಂದಿದರೆ ಪೂರ್ತಿ ತಲುಪಿದೆ ಎಂದುಕೊಳ್ಳಿ. ಆಮೇಲೂ ಒಂದು ಪ್ರತಿ ಮನೆಯ ಹಾರ್ಡ್‌ಡಿಸ್ಕ್‌ನಲ್ಲಿ ಇರಲಿ.

ಮನೆಯವರು ಯಾರಾದರೂ ಮಂಗಳೂರಿಂದಲೋ ಕಣ್ಣೂರಿಂದಲೋ ವಿಮಾನ ಹತ್ತುವವರಿದ್ದರೆ 32 ಜಿಬಿಯ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಟ್ಟುಬಿಡಿ. 4 ಜಿಬಿ ಮೀರಿದ ಫೈಲ್ ಇದ್ದರೆ ಮೊದಲು ಪೆನ್‌ಡ್ರೈವನ್ನು ಅಷ್ಟು ದೊಡ್ಡ ಫೈಲ್ ಹಿಡಿಸುವ ಎಕ್ಸ್‌ಫ್ಯಾಟ್ ಎಂಬ ಮಾದರಿಗೆ ಫಾರ್ಮ್ಯಾಟ್ ಮಾಡಬೇಕು.

ಆಟ ನೋಡಬೇಕು ಅಂತ ಕಾಯುತ್ತಿರುವ ಅಜ್ಜ, ಅಜ್ಜಿ, ದೂರದ ನೆಂಟರು ಇದ್ದೇ ಇರುತ್ತಾರೆ. ಅವರಿಗೆ ಈ ಲಿಂಕ್ ಯಾವುದೂ ಬೇಡ. ಎಡಿಟ್ ಆದ ಮೇಲೆ ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ (ಲಿಂಕ್ ಇದ್ದವರು ಮಾತ್ರ ನೋಡುವಂತೆ) ಅಂತ ಹಾಕಿ, ಅದರ ಲಿಂಕ್ ಕೊಡಿ. ಚಾನೆಲ್‌ಗೆ ಫೋನ್ ನಂಬರ್ ಕೊಟ್ಟು ದೃಢಪಡಿಸಿದರೆ 12 ಗಂಟೆ ತನಕದ ವಿಡಿಯೋ ಹಾಕಬಹುದು, ಇಡೀ ರಾತ್ರಿಯ ಆಟ ಒಂದರಲ್ಲೇ ಹಿಡಿಯುತ್ತದೆ.